ಮೂವತ್ತು ಕೆಜಿಯೊಳಗೆ ಒಂದು ಕಾದಂಬರಿ

ಕೊಲ್ಲಿ ದೇಶಗಳಲ್ಲಿ ಮನೆ ಅಂದ್ರೆ ಒಂದಲ್ಲ ಒಂದು ದಿನ ಖಾಲಿ ಮಾಡ್ಲೇಬೇಕಾದ ಜಾಗ. ಊರಲ್ಲಿ ಬಾಡಿಗೆ ಮನೆಯವರೂ ಹೀಗೇ ಅನ್ನಬಹುದು. ಆದರೆ ಅವರು ಒಂದು ಬೀದಿ ಬಿಟ್ಟು ಇನ್ನೊಂದು ಬೀದಿಗೆ ಹೋಗ್ತಾರೆ, ಹಳೇ ಪೊರಕೆ ಸಮೇತ ಎಲ್ಲವನ್ನೂ ಟೆಂಪೋ ಮೇಲೆ ಹೇರಿಕೊಂಡು. ಇಲ್ಲಿ ನಮ್ಮಂಥವರಿಗೆ ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಮನೆ ಮುಗಿಯಿತು. ಉಳಿಯೋದು ತಲೆಗೆ ಮೂವತ್ತು ಕೆಜಿ ಲಗೇಜು. ಹಡಗಲ್ಲಿ ಕಳಿಸಬಹುದಲ್ಲ ಅಂತ ನೀವು ಕೇಳ್ತೀರಿ. ಕಳಿಸಬಹುದು, ಆದರೆ ಆ ಪೆಟ್ಟಿಗೆಗಳು ಟಿವಿ, ಮಿಕ್ಸಿ, ಕಂಬಳಿಗೆ ಆಗಲೇ ರಿಸರ್ವ್ ಆಗಿವೆ!

ಬರುವ ಮಾರ್ಚಿಗೆ ನಮ್ಮ ಸರದಿ. ಮೆಸಯೀದಿನಲ್ಲಿ ಹದಿನೇಳು ವರ್ಷ. ದೋಹಾದಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದ ಊರಿದು, ಹಳಬರು ಈಗಲೂ ಉಮ್ ಸಯೀದ್ ಅಂತಾರೆ. 1949ರಲ್ಲಿ ಕತಾರಿನ ಕಚ್ಚಾತೈಲ ಹಡಗು ಹತ್ತಿದ್ದು ಇಲ್ಲಿಂದಲೇ. ಆಮೇಲೆ ಗೊಬ್ಬರ, ಉಕ್ಕು, ಪ್ಲಾಸ್ಟಿಕ್, ಅಲ್ಯೂಮಿನಿಯಂ ಎಲ್ಲ ಬಂದವು. ಒಂದು ಕಡೆ ಚಿಮಣಿಗಳ ಬೆಂಕಿ, ಇನ್ನೊಂದು ಕಡೆ ಮರಳುದಿಬ್ಬ, ನಡುವೆ ಒಂದೇ ಥರದ ಮನೆಗಳ ಸಾಲು. ನಾನು ಪ್ಲಾಸ್ಟಿಕ್ಕಿನವನು. ಗ್ಯಾಸಿನಿಂದ ಬಂದ ಈಥೇನನ್ನು ಎಥಿಲೀನ್ ಮಾಡಿ, ಎಥಿಲೀನನ್ನು ಪಾಲಿಎಥಿಲೀನ್ ಮಾಡಿ, ಸಬ್ಬಕ್ಕಿಯಂಥ ಬಿಳೀ ಕಾಳುಗಳನ್ನು 25 ಕೆಜಿ ಚೀಲದಲ್ಲಿ ತುಂಬಿ ಜಗತ್ತಿಗೆ ಕಳಿಸೋದು ಹಗಲಿನ ಕೆಲಸ. ಬೆಳಗಿನ ಜಾವ ನಾಲ್ಕರಿಂದ ಐದೂಕಾಲು, ಮತ್ತೆ ಶುಕ್ರವಾರ ಮಧ್ಯಾಹ್ನದವರೆಗೆ ಕಾದಂಬರಿ. ಐದೂಮುಕ್ಕಾಲಿಗೆ ಬಸ್ಸು. ಪಾತ್ರ ಸಾಯೋ ಹೊತ್ತಿಗೇ ಹಾರ್ನ್ ಹೊಡೀತಾನೆ ಡ್ರೈವರ್ರು, ಅವನಿಗೇನು ಗೊತ್ತು ಪಾಪ.

ಪ್ಲಾಸ್ಟಿಕ್ಕಿಗೂ ಕಾದಂಬರಿಗೂ ಎಲ್ಲಿಯ ಸಂಬಂಧ ಅಂತ ಯಾರಾದ್ರೂ ನಕ್ಕರೆ ನಾನು ಯಶವಂತ ಚಿತ್ತಾಲರ ಹೆಸರು ಹೇಳ್ತೀನಿ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು, ಮುಂಬಯಿಯಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಓದಿ, ನ್ಯೂಜರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಮುಗಿಸಿ, ಬೇಕಲೈಟ್ ಹೈಲಂ ಕಂಪನಿಯಲ್ಲಿ ದುಡಿದವರು. ಹಗಲು ರೆಸಿನ್ನು, ಉಳಿದ ಹೊತ್ತು ಕನ್ನಡ. ‘ಮೂರು ದಾರಿಗಳು’ ಬಂದದ್ದು 1964ರಲ್ಲಿ. ಮುಂದಿನ ಕಾದಂಬರಿ ‘ಶಿಕಾರಿ’ ಬಂದದ್ದು 1979ರಲ್ಲಿ. ನಡುವೆ ಲೆಕ್ಕ ಹಾಕಿ, ಹದಿನೈದು ವರ್ಷ! ನನ್ನ ಎರಡನೇ ಕಾದಂಬರಿಗೂ ಈಗ ಹದಿನಾರನೇ ವರ್ಷ ನಡೀತಿದೆ, ಆದ್ದರಿಂದ ಈ ಲೆಕ್ಕ ನನಗೆ ಬಾಯಿಪಾಠ. (ಹೋಲಿಕೆ ವರ್ಷಗಳಿಗೆ ಮಾತ್ರ ಸ್ವಾಮಿ, ಬೇರೆ ಯಾವುದಕ್ಕೂ ಅಲ್ಲ.)

ಚಿತ್ತಾಲರು ಬದುಕಿನ ಬಹುಭಾಗ ಕಳೆದದ್ದು ಮುಂಬಯಿಯಲ್ಲಿ, 2014ರಲ್ಲಿ ತೀರಿಕೊಂಡದ್ದೂ ಅಲ್ಲೇ. ಬರೆದದ್ದರಲ್ಲಿ ಮಾತ್ರ ಹನೇಹಳ್ಳಿ ಮತ್ತೆ ಮತ್ತೆ ಬರುತ್ತೆ. ಊರನ್ನು ತಲೆಯಲ್ಲಿ ಹೊತ್ತುಕೊಂಡು ಹೋದರೆ ಯಾವ ವಿಮಾನದವನೂ ತೂಕ ನೋಡಲ್ಲ. ಹಾಗಾದ್ರೆ ಕಾಗದಗಳು ಯಾಕೆ ಬೇಕು? ನಮ್ಮನೆಯವಳ ಪ್ರಶ್ನೆಯೂ ಇದೇ.

ಅವಳ ಕೈಯಲ್ಲಿ ಜಪಾನಿನ ಮಾರಿ ಕೊಂಡೋ ಪುಸ್ತಕ. ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು ಮನಸ್ಸು ಅರಳುತ್ತಾ ಅಂತ ಕೇಳಿಕೊಳ್ಳಬೇಕಂತೆ, ಅರಳದಿದ್ದರೆ ಥ್ಯಾಂಕ್ಸ್ ಹೇಳಿ ಬೀಳ್ಕೊಡಬೇಕಂತೆ. ತಾನು ಒಂದು ಸಲಕ್ಕೆ ಸುಮಾರು ಮೂವತ್ತು ಪುಸ್ತಕ ಇಟ್ಟುಕೊಳ್ತೀನಿ ಅಂದ ಪುಣ್ಯಾತ್ಗಿತ್ತಿ ಆಕೆ. ಅದೇ ಆಕೆ, ಮೂರು ಮಕ್ಕಳಾದ ಮೇಲೆ ಅಚ್ಚುಕಟ್ಟನ್ನು ಒಂದು ಮಟ್ಟಿಗೆ ಕೈಬಿಟ್ಟಿದ್ದೀನಿ ಅಂತ 2023ರಲ್ಲಿ ಹೇಳಿದ್ದನ್ನು ನಾನು ಮನೆಯಲ್ಲಿ ಎತ್ತಿ ಹೇಳಿದೆ. ಪ್ರಯೋಜನವಾಗಲಿಲ್ಲ. ನನಗೆ ಅನ್ನಿಸೋದು ಇಷ್ಟು: ಈ ‘ಅರಳೋ’ ಪರೀಕ್ಷೆ ಬಟ್ಟೆಗೆ ಸರಿ, ಪಾತ್ರೆಗೆ ಸರಿ. ಬರೆಯುವವನ ಕಾಗದಕ್ಕೆ ನಡೆಯಲ್ಲ. ನನ್ನ ಮೂರನೇ ಕರಡನ್ನು ಕೈಗೆತ್ತಿಕೊಂಡರೆ ಮನಸ್ಸು ಅರಳೋದಿರಲಿ, ಹೊಟ್ಟೆ ತೊಳಸುತ್ತೆ. ಹಾಗಂತ ಎಸೆಯೋಕಾಗುತ್ತಾ?

ಸರಿ, ಸ್ಟೋರ್ ರೂಮಿನಿಂದ ಏಳು ರಟ್ಟಿನ ಪೆಟ್ಟಿಗೆ ಹೊರಗೆ ಬಂದವು. ಇಲ್ಲಿ ಗೆದ್ದಲಿನ ಕಾಟ ಕಾಣೆ, ಮಳೆಗಾಲದ ಬೂಷ್ಟೂ ಇಲ್ಲ. ಆದರೆ ಶಮಾಲ್ ಗಾಳಿ ಹೊತ್ತು ತರುವ ಧೂಳು ಟಾಲ್ಕಂ ಪೌಡರಿನಷ್ಟು ನಯ, ಮುಚ್ಚಿದ ಪೆಟ್ಟಿಗೆಯೊಳಗೂ ಹೋಗಿ ಕೂತಿರುತ್ತೆ. ಮೂರು ಶುಕ್ರವಾರ ಸೀನಿಕೊಂಡೇ ವಿಂಗಡಿಸಿದೆವು.

ಮೊದಲು ತೂಕ. ಎಂಬತ್ತು ಗ್ರಾಂ ದಪ್ಪದ ಒಂದು ಎ-ಫೋರ್ ಹಾಳೆ ಐದು ಗ್ರಾಂ. ನಾನೂರು ಹಾಳೆಯ ಒಂದು ಕರಡು ಎರಡು ಕೆಜಿ. ನಾಲ್ಕು ಕರಡು, ಎಂಟು ಕೆಜಿ. ಇದರಲ್ಲಿ ಎರಡನೆಯದೂ ಮೂರನೆಯದೂ ಕಂಪ್ಯೂಟರಿನಲ್ಲೂ ಇವೆ, ಹಾಳೆಯ ಮೇಲೆ ಪೆನ್ನಿನ ಗುರುತು ಕಮ್ಮಿ. ಅವು ಹೋದವು. ಕೈಬರಹದ ಮೊದಲನೆಯದು, ಅಂಚಿನ ತುಂಬ ಜಗಳ ಇರುವ ಕೊನೆಯದು ಉಳಿದವು.

ಆಮೇಲೆ ಬಿಲ್ಲುಗಳು. ನಗಬೇಡಿ, ನನ್ನ ಅರ್ಧ ಕಾದಂಬರಿ ಸೂಪರ್ ಮಾರ್ಕೆಟ್ ಬಿಲ್ಲಿನ ಬೆನ್ನ ಮೇಲಿದೆ. ಸರದಿಯಲ್ಲಿ ನಿಂತಾಗ ಹೊಳೆದದ್ದನ್ನು ಬರೆಯೋಕೆ ಬೇರೇನು ಸಿಗುತ್ತೆ? ಈ ಬಿಲ್ಲಿನ ಕಾಗದಕ್ಕೆ ಮಸಿಯಿಲ್ಲ, ಬಿಸಿ ತಾಗಿಸಿ ಅಕ್ಷರ ಮೂಡಿಸ್ತಾರೆ, ಆದ್ದರಿಂದ ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತೆ. ಹಾಲು, ಮೊಸರು, ಖುಬ್ಬೂಸಿನ ಲೆಕ್ಕ ಎಲ್ಲ ಅಳಿಸಿ ಬೆಳ್ಳಗಾಗಿದೆ, ಹಿಂಬದಿ ಬಾಲ್ ಪೆನ್ನಿನಲ್ಲಿ ಗೀಚಿದ ಸಂಭಾಷಣೆ ಮಾತ್ರ ನೆಟ್ಟಗಿದೆ. ಮುನ್ನೂರಕ್ಕೂ ಹೆಚ್ಚು ಚೀಟಿ, ಎಲ್ಲ ಸೇರಿ ಅರ್ಧ ಕೆಜಿಯೂ ಇಲ್ಲ. ಇವಕ್ಕೆ ವೀಸಾ ಸಿಕ್ಕಿತು.

ಅಚ್ಚಾದ ಪುಸ್ತಕಗಳ ವಿಷಯದಲ್ಲಿ ನಾನು ಕಟುಕ. ಬೆಂಗಳೂರಿನಲ್ಲಿ ಸಿಗೋದನ್ನು ಕತಾರಿನಿಂದ ಹೊತ್ತುಕೊಂಡು ಹೋಗೋದು ಯಾವ ಶಾಣ್ಯಾತನ? ಇನ್ನೂರು ಚಿಲ್ಲರೆ ಪುಸ್ತಕ ವಕ್ರಾದ, ದೋಹಾದ ಗೆಳೆಯರಿಗೆ ಹಂಚಿದ್ದಾಯ್ತು. ಉಳಿಸಿಕೊಂಡದ್ದು ಹನ್ನೊಂದು.

ತಲೆ ಕೆಡಿಸಿದ್ದು ತೂಕವೇ ಇಲ್ಲದ ಕಸ. ಮೊದಲ ಆರು ಅಧ್ಯಾಯ ಟೈಪ್ ಮಾಡಿದ್ದು 2009ರಲ್ಲಿ, ನುಡಿಯ ಹಳೇ ಫಾಂಟಿನಲ್ಲಿ. ಈಗ ತೆರೆದರೆ ಇಂಗ್ಲಿಷ್ ಅಕ್ಷರ, ಡಾಲರು, ಬ್ರಾಕೆಟ್ಟುಗಳ ಮೆರವಣಿಗೆ. ಯೂನಿಕೋಡ್ ಸರಿಯಾಗಿ ಕಾಲೂರುವ ಮುಂಚೆ ಕನ್ನಡದಲ್ಲಿ ಟೈಪ್ ಮಾಡಿದ ಎಲ್ಲರ ಮನೆಯಲ್ಲೂ ಇಂಥ ಕಡತಗಳಿರುತ್ತವೆ, ನಿಮ್ಮಲ್ಲೂ ಇದ್ದರೆ ಕಾಯಬೇಡಿ. ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕಾಲು ಮುರಿದುಕೊಳ್ತವೆ, ಕೂತು ಓದಿ ತಿದ್ದಬೇಕು. ನನಗೆ ಆರು ಅಧ್ಯಾಯಕ್ಕೆ ಎರಡು ವಾರ ಹಿಡಿಯಿತು. ಕೈಬರಹ ಹದಿನಾರು ವರ್ಷದ ನಂತರವೂ ತಾನೇ ಓದಿಸಿಕೊಳ್ತಿತ್ತು ಅನ್ನೋದು ಬೇರೆ ಮಾತು.

ಕೊನೆಗೆ ಉಳಿದದ್ದು ಅಪ್ಪಯ್ಯನ ಖರ್ಚಿನ ಪುಸ್ತಕಗಳು, ಒಂಬತ್ತು. ಹೊನ್ನಾವರದ ಕಡೆಯ ನಮ್ಮ ಮನೆಯದು, 1971ರಿಂದ 1994ರವರೆಗೆ. ಕಾದಂಬರಿಗೆ ಬೇಕು ಅಂತ ರಜೆಯಲ್ಲಿ ಹೋದಾಗ ತಂದಿದ್ದೆ. ತೆಂಗಿನಕಾಯಿ ಮಾರಿದ್ದು, ಸೀಮೆಎಣ್ಣೆ ತಂದಿದ್ದು, ಅಜ್ಜಿಯ ಮದ್ದು, ಯಾರಿಗೋ ಕೈಗಡ ಕೊಟ್ಟದ್ದು. ಅದರಲ್ಲಿ ಬೇಕಾದ್ದನ್ನೆಲ್ಲ ಕಾದಂಬರಿಗೆ ತಗೊಂಡಾಗಿದೆ. “ಫೋಟೋ ತೆಗೆದಿಟ್ಟುಕೊಂಡು ಬಿಡಿ. ಆಮೇಲೆ ಯಾರು ಓದ್ತಾರೆ ಹೇಳಿ?” ಅಂದಳು ನಮ್ಮನೆಯವಳು. ಸಿಟ್ಟಿನಿಂದಲ್ಲ, ಸುಮ್ಮನೆ. ಉತ್ತರ ನನ್ನ ಹತ್ರ ಇರಲಿಲ್ಲ. ಮಗಳು ಇಲ್ಲೇ ಬೆಳೆದವಳು, ಹನ್ನೊಂದನೇ ಕ್ಲಾಸು. ಕನ್ನಡ ಚೆನ್ನಾಗಿ ಮಾತಾಡ್ತಾಳೆ, ಬೋರ್ಡು ಓದೋ ಥರ ಓದ್ತಾಳೆ. ನನ್ನ ಕಾದಂಬರಿ ಮುಗಿದರೂ ಅವಳು ಅದನ್ನು ಓದುತ್ತಾಳೆ ಅನ್ನುವ ಭರವಸೆ ನನಗಿಲ್ಲ.

ಆ ರಾತ್ರಿ ತಲೆಯಲ್ಲಿ ಸುಳಿದದ್ದು ತ್ರಿವೇಣಿ. ಹತ್ತು-ಹನ್ನೊಂದು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದಾಕೆ, 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಿಗೆ ಹೋಗಿಬಿಟ್ಟರು. ವಯಸ್ಸು ಮೂವತ್ನಾಲ್ಕು. ಮೈಸೂರಿನ ಚಾಮರಾಜಪುರಂನ ಅವರ ಮನೆ ಈಗ ಸ್ಮಾರಕವಾಗಿದೆ, ಅದರ ಹಿಂದೆ ಇರೋದು ಅವತ್ತು ಹುಟ್ಟಿದ ಆ ಮಗಳು. ತಾಯಿಯ ಮುಖ ನೆನಪಿರಲು ಸಾಧ್ಯವೇ ಇಲ್ಲದ ಮಗಳಿಗೆ, ಯಾರೋ ಎಸೆಯದೆ ಬಿಟ್ಟ ವಸ್ತುಗಳೇ ತಾಯಿ. ಅದೇ ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣರ ಮನೆಯನ್ನು 2011ರಲ್ಲಿ ಒಡೆಯೋಕೆ ಶುರುಮಾಡಿದ್ದರು, ಗಲಾಟೆಯಾಗಿ ನಿಂತು, 2016ರಲ್ಲಿ ಮ್ಯೂಸಿಯಂ ಆಯಿತು. ಮನೆ ಉಳಿಯಿತು ಸರಿ. ಅದಕ್ಕೆ ಮೊದಲು, ಎಷ್ಟು ಬರಹಗಾರರ ಎಷ್ಟು ಕಾಗದ ಹೀಗೇ ಒಂದು ಶುಕ್ರವಾರ ರದ್ದಿಗೆ ಹೋಗಿದೆಯೋ! ನನ್ನ ಮನೆ ಮ್ಯೂಸಿಯಂ ಆಗಲ್ಲ ಬಿಡಿ, ಇನ್ನೊಬ್ಬ ಪ್ಲಾಸ್ಟಿಕ್ಕಿನವನು ಏಪ್ರಿಲ್‌ನಲ್ಲಿ ಬಂದು ಪೇಂಟ್ ಹೊಡೆಸ್ತಾನೆ. ಆದರೆ ಆ ಖರ್ಚಿನ ಪುಸ್ತಕ ನನ್ನದಲ್ಲ. ನನ್ನ ಕರಡನ್ನು ಎಸೆಯುವ ಹಕ್ಕು ನನಗಿದೆ. ಅಪ್ಪಯ್ಯನ ಲೆಕ್ಕ ಎಸೆಯುವ ಹಕ್ಕು, ಮಗಳು ಒಂದು ಸಲವಾದ್ರೂ ನೋಡುವ ತನಕ, ಇಲ್ಲ.

ಮಾರನೇ ಶುಕ್ರವಾರ ಅವಳ ಮುಂದೆ ಇಟ್ಟೆ. ಅಕ್ಷರಕ್ಕಿಂತ ಮೊದಲು ಅಂಕಿಗಳಲ್ಲೇ ಸಿಕ್ಕಿಹಾಕಿಕೊಂಡಳು, ಎಲ್ಲ ಕನ್ನಡ ಅಂಕಿ. ಒಂದು ಚೀಟಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಬರೆಸಿಕೊಂಡು, 1978ರ ಒಂದು ತಿಂಗಳ ಖರ್ಚನ್ನು ಕೂಡಿದಳು. “ಅಜ್ಜ ಕೂಡಿದ್ದು ತಪ್ಪು, ಎರಡು ರೂಪಾಯಿ ಶಾರ್ಟ್ ಇದೆ” ಅಂತ ತೀರ್ಪು ಕೊಟ್ಟಳು. ಆ ಎರಡು ರೂಪಾಯಿ ಯಾರಿಗೆ ಹೋಗಿರಬಹುದು ಅಂತ ರಾತ್ರಿ ಊಟಕ್ಕೆ ಕೂತಾಗಲೂ ಕೇಳಿದಳು. ನನ್ನ ಏಳನೇ ಅಧ್ಯಾಯಕ್ಕೆ ಇದು ಯಾಕೆ ಹೊಳೆದಿರಲಿಲ್ಲವೋ.

ಒಂಬತ್ತೂ ಪುಸ್ತಕ ಅವಳ ಸೂಟ್‌ಕೇಸಿಗೆ ಹೋಗಿವೆ, ನಾಲ್ಕೂವರೆ ಕೆಜಿ. ನನ್ನದರಲ್ಲಿ ಕರಡು, ಚೀಟಿ, ನೋಟ್‌ಬುಕ್, ಹನ್ನೊಂದು ಪುಸ್ತಕ, ಬಟ್ಟೆ ಎಲ್ಲ ಸೇರಿ ಇಪ್ಪತ್ತೇಳು. ಬಾಕಿ ಇರುವ ಮೂರು ಕೆಜಿಯನ್ನು ಪ್ರೆಶರ್ ಕುಕ್ಕರಿಗೆ ಬಿಟ್ಟುಕೊಡಬೇಕೆಂದು ಅಡಿಗೆಮನೆಯಿಂದ ಅರ್ಜಿ ಬಂದಿದೆ. ಪರಿಶೀಲನೆಯಲ್ಲಿದೆ.