ನಿಂತ ಮೇಲೆ ಏರುವ ಕಾವು

ಸಂಕ್ರಾಂತಿಯ ಆಸುಪಾಸಿನಲ್ಲಿ ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ಸುತ್ತಮುತ್ತ ಡಾಂಬರು ರಸ್ತೆಯೇ ಕಣ. ಕೊಯ್ದ ರಾಗಿ, ಕಿತ್ತ ಹುರುಳಿ ರಸ್ತೆಯ ಮೇಲೆ ಹರಡಿಕೊಂಡಿರುತ್ತವೆ. ಹೋಗಿಬರುವ ಬಸ್ಸು, ಟ್ರ್ಯಾಕ್ಟರು, ಕಾರುಗಳೇ ರೋಣಗಲ್ಲು. ರಾಗಿ ಹುಲ್ಲು ಅಷ್ಟಾಗಿ ಕಾಡುವುದಿಲ್ಲ. ಹುರುಳಿಯದು ಬಳ್ಳಿ. ಆಕ್ಸಲ್‌ಗೆ ಸುತ್ತಿಕೊಂಡು ಸಿಂಬೆಯಾಗಿ ಸೈಲೆನ್ಸರ್ ಕೊಳವೆಗೆ ಆನಿಕೊಳ್ಳುತ್ತದೆ. ಚಾಮರಾಜನಗರ ಜಿಲ್ಲೆಯಲ್ಲಿ ಹೀಗೆ ಕಾರಿಗೆ ಬೆಂಕಿ ಹತ್ತಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಒಣಗಿದ ಸೊಪ್ಪುಸದೆ ಹೊತ್ತಿಕೊಳ್ಳಲು ಮುನ್ನೂರು ಡಿಗ್ರಿಯ ಸುಮಾರಿನ ಕಾವು ಸಾಕು. ಟರ್ಬೊ ಕಾರಿನಲ್ಲಿ ಅದಕ್ಕೇನು ಬರ?

ಟರ್ಬೊ ಅಂದರೆ ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ. ಮೊದಲನೆಯದು ಬಿಸಿ ಹೊಗೆಯಲ್ಲಿ ತಿರುಗಿದರೆ, ಎರಡನೆಯದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಪೆಟ್ರೋಲ್ ಕಾರು ಭರ್ತಿ ಓಡುವಾಗ ಟರ್ಬೊಗೆ ನುಗ್ಗುವ ಹೊಗೆ 900 ಡಿಗ್ರಿ ಮೀರುವುದುಂಟು. ಡೀಸೆಲ್‌ನದು ಅದಕ್ಕಿಂತ ತುಸು ಕಡಿಮೆ. ಚಕ್ರಗಳು ನಿಮಿಷಕ್ಕೆ ಒಂದೂವರೆ, ಎರಡು ಲಕ್ಷ ಸುತ್ತು ಹಾಕುತ್ತವೆ.

ಒತ್ತಿದ ಗಾಳಿಯೂ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಪಾವಗಡದ ಏಪ್ರಿಲ್‌ನ 40 ಡಿಗ್ರಿ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಹೆಚ್ಚುಕಡಿಮೆ 135 ಡಿಗ್ರಿ ಮುಟ್ಟುತ್ತದೆ. ಬಿಸಿಗಾಳಿ ತೆಳು, ಇಂಜಿನ್‌ಗೆ ಸಿಗುವ ಆಮ್ಲಜನಕವೂ ಕಡಿಮೆ. ಅದಕ್ಕೇ ನಡುವೆ ಇಂಟರ್‌ಕೂಲರ್. ಬಿಡದಿಯಿಂದ 2009ರಲ್ಲಿ ಹೊರಬಂದ ಮೊದಲ ಫಾರ್ಚೂನರ್‌ನ ಬಾನೆಟ್ ಮೇಲಿದ್ದ ಅಗಲ ಬಾಯಿ ಠೀವಿಗೆ ಇಟ್ಟದ್ದಲ್ಲ, ಅದರಡಿ ಮಲಗಿದ್ದ ಇಂಟರ್‌ಕೂಲರ್‌ಗೆ ಗಾಳಿ ಕುಡಿಸಲು.

ಓಡುತ್ತಿರುವಷ್ಟು ಹೊತ್ತು ಚಿಂತೆ ಕಡಿಮೆ. ಎದುರು ಗಾಳಿ, ಕೂಲೆಂಟ್, ಆಯಿಲ್ ಮೂರೂ ಕಾವನ್ನು ಹೊತ್ತೊಯ್ಯುತ್ತಿರುತ್ತವೆ. ದೇವರಾಯನದುರ್ಗದ ಏರು ಹತ್ತಿ ಬಂದು ಥಟ್ಟನೆ ಕೀಲಿ ತಿರುವಿದಾಗ ಮೂರೂ ಒಟ್ಟಿಗೆ ನಿಲ್ಲುತ್ತವೆ, ಕೆಂಡದಂತಾದ ಎರಕದ ಕವಚ ಮಾತ್ರ ತಣಿದಿರುವುದಿಲ್ಲ. ಅದರ ಕಾವು ದಂಡದ ಬೇರಿಂಗ್‌ಗೆ ಇಳಿದು, ಅಲ್ಲಿ ನಿಂತ ಆಯಿಲ್ಲನ್ನು ಸೀಯಿಸಿ ಕರಿ ಕಟ್ಟಿಸುತ್ತದೆ. ಬಾನೆಟ್ ಒಳಗಿನ ಬಿಸಿ, ಗಾಡಿ ನಿಂತ ಮೇಲೆ ಕೆಲವು ನಿಮಿಷ ಏರುತ್ತಲೇ ಹೋಗುತ್ತದೆ. ರಬ್ಬರ್ ಹೋಸು, ವೈರಿನ ಹೊದಿಕೆ, ಪ್ಲಾಸ್ಟಿಕ್ ಕ್ಲಿಪ್ಪು ಬಿರುಕು ಬಿಡುವುದಕ್ಕೆ ಇದೂ ಒಂದು ಕಾರಣ. ಹಳೇ ಮೆಕ್ಯಾನಿಕ್‌ಗಳು ‘ಒಂದು ನಿಮಿಷ ಐಡಲ್‌ನಲ್ಲಿ ಬಿಡಿ’ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಈಗಿನ ಹಲವು ಕಾರುಗಳ ಟರ್ಬೊಗೆ ನೀರಿನ ತಂಪೂ ಇದೆ. ಕೀಲಿ ತೆಗೆದ ಮೇಲೂ ಪುಟ್ಟ ಎಲೆಕ್ಟ್ರಿಕ್ ಪಂಪು, ಕೆಲವೊಮ್ಮೆ ಫ್ಯಾನು ಓಡುತ್ತದೆ. ಆ ಸದ್ದಿಗೆ ಗಾಬರಿಯಾಗಿ ಬ್ಯಾಟರಿ ವೈರು ಕಿತ್ತರೆ ಕೆಟ್ಟಿತು.

ಇನ್ನುಳಿದದ್ದು ಬಿಸಿಯನ್ನು ಹದ್ದಿನಲ್ಲಿಡುವ ಕೆಲಸ. ಮಡಿಕೆಯಾಗಿ ಬಾಗಿಸಿದ ಅಲ್ಯೂಮಿನಿಯಂ ತಗಡೇ ಇದರ ಮುಖ್ಯ ಆಯುಧ, ತಗಡಿಗಿಂತ ಅದರ ಹಿಂದಿನ ಗಾಳಿಯ ಸಂದು ಮುಖ್ಯ. ಬ್ರಿಟನ್ನಿನ ಮೆಕ್ಲಾರೆನ್ ಎಫ್1 ಕಾರಿನ ಇಂಜಿನ್ ಗೂಡಿಗೆ ಬಂಗಾರದ ಹಾಳೆಯನ್ನೇ ಹೊದಿಸಿದ್ದರು. ಕಾವನ್ನು ಹಿಂದಕ್ಕೆ ಎರಚುವುದರಲ್ಲಿ ಅದು ನಿಸ್ಸೀಮ. (ಆ ಇಂಜಿನ್‌ಗೆ ಟರ್ಬೊ ಇರಲಿಲ್ಲ ಅನ್ನುವುದು ಬೇರೆ ಮಾತು.) ನಮ್ಮ ಕಡೆ ಆಗುವುದು ತಿರುಗುಮುರುಗು. ತಗಡು ಕಿರಗುಟ್ಟುತ್ತದೆ ಎಂದು ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ಗ್ರಿಲ್ ತುಂಬ ಹೆಚ್ಚುವರಿ ಲೈಟು ಬಿಗಿದು ಗಾಳಿಗೆ ಬಾಗಿಲು ಹಾಕುತ್ತಾರೆ. ಬಿಸಿ ಹೋಗಲೆಂದು ವಾಷರ್ ಕೊಟ್ಟು ಬಾನೆಟ್‌ನ ಹಿಂಬದಿ ಎತ್ತುವವರೂ ಇದ್ದಾರೆ. ಗಾಡಿ ಓಡುವಾಗ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು. ಒಳಗಿನದು ಹೊರಬರುವ ಬದಲು ಹೊರಗಿನದು ಒಳನುಗ್ಗಬಹುದು.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಹುರುಳಿಯ ಕಥೆಗೆ ಹೊಸ ಪಾತ್ರವೊಂದು ಸೇರಿದೆ. ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಕಾರು ತಾನೇ ಹೆಚ್ಚು ಇಂಧನ ಬಿಟ್ಟು, ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಎಷ್ಟೋ ಸಲ ಚಾಲಕನಿಗೆ ಅದರ ಸುಳಿವೇ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ ಎಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ. ರಸ್ತೆಯನ್ನೇ ಕಣ ಮಾಡಿಕೊಂಡ ಸೀಮೆಯಲ್ಲಿ ಆ ಸಾಲನ್ನು ಓದುವವರು ಯಾರು?

ಕಣ ದಾಟಿದ ಮೇಲೆ ಬರಿ ನೆಲ ಇರುವಲ್ಲಿ ನಿಲ್ಲಿಸಿ, ಬಗ್ಗಿ ನೋಡುವುದು ಎರಡು ನಿಮಿಷದ ಕೆಲಸ. ಬಳ್ಳಿ ಕಂಡರೆ ಕೋಲಿನಿಂದ ಎಳೆಯಬೇಕು, ಬರಿಗೈಯಲ್ಲಲ್ಲ. ಬಾನೆಟ್ ಸಂದಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬಾರದು, ಒಳಗಿನ ಬೆಂಕಿಗೆ ಗಾಳಿ ಸಿಕ್ಕಿ ಭುಗಿಲೇಳುತ್ತದೆ. ಇಂಜಿನ್ ಆಫ್ ಮಾಡಿ, ಒಳಗಿದ್ದವರನ್ನೆಲ್ಲ ಇಳಿಸಿ, ದೂರ ಹೋಗಿ 112ಕ್ಕೆ ಫೋನ್ ಮಾಡಬೇಕು.