ಮೂರು ಪ್ರಶ್ನೆಗೆ ಐದು ಅಂಕ

ಸಿಇಟಿಯ ಒಂದು ಸರಿಯುತ್ತರ ದ್ವಿತೀಯ ಪಿಯುಸಿಯ ಎಷ್ಟು ಅಂಕಕ್ಕೆ ಸಮ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಲ್ಲಿ ಕಾಲೇಜಿನ ಚರ್ಚೆ ಶುರುವಾಗುತ್ತದೆ. ಫೀಸು, ಹಾಸ್ಟೆಲು, ಕೋಚಿಂಗು, ಪಕ್ಕದ ಮನೆಯ ಹುಡುಗಿ ಸೇರಿದ ಕಾಲೇಜು ಎಲ್ಲವೂ ಮಾತಿಗೆ ಬರುತ್ತವೆ. ಈ ಲೆಕ್ಕವೊಂದು ಬರುವುದು ಅಪರೂಪ. ಲೆಕ್ಕವೇನೂ ಕಷ್ಟದ್ದಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ಪ್ರಶ್ನೆಗೊಂದರಂತೆ ತಲಾ 60 ಅಂಕ, ಒಟ್ಟು 180. ಪಿಯುಸಿಯಲ್ಲಿ ಅವೇ ಮೂರು ವಿಷಯಕ್ಕೆ ತಲಾ 100, ಒಟ್ಟು 300. ರ‍್ಯಾಂಕ್ ಕೊಡುವಾಗ ಎರಡನ್ನೂ ಶೇಕಡಾವಾರು ಮಾಡಿ ಅರ್ಧರ್ಧ ಕೂಡಿಸುತ್ತಾರೆ. ಹಾಗಾಗಿ ಸಿಇಟಿಯ ಮೂರು ಪ್ರಶ್ನೆ ಪಿಯುಸಿಯ ಐದು ಅಂಕಕ್ಕೆ ಸಮ. ಒಬ್ಬಳು ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 90 ತೆಗೆದಳು ಎಂದಿಟ್ಟುಕೊಳ್ಳಿ. ಇನ್ನೊಬ್ಬನದು ಪಿಯುಸಿಯಲ್ಲಿ 246, ಸಿಇಟಿಯಲ್ಲಿ 108. ಸಿಇಟಿಯಲ್ಲಿ ಅವನು 18 ಪ್ರಶ್ನೆ ಮುಂದಿದ್ದಾನೆ. ಆದರೂ ಸರಾಸರಿ ಅವಳದು 72.5, ಅವನದು 71. ರ‍್ಯಾಂಕ್ ಪಟ್ಟಿಯಲ್ಲಿ ಅವಳೇ ಮೇಲೆ.

ಈ ಲೆಕ್ಕದ ಬೆನ್ನು ಹತ್ತಿದರೆ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಮಕ್ಕಳಿಗೆ ಸಿಇಟಿಯ ಒಳ್ಳೆಯ ತಯಾರಿ ಎಂದರೆ ಬೆಂಗಳೂರಿನ ದುಬಾರಿ ಕೋಚಿಂಗ್ ಅಲ್ಲ, ಊರ ಹತ್ತಿರದ ಕಾಲೇಜಿನಲ್ಲಿ ಎರಡು ವರ್ಷದ ಪಿಯುಸಿಯನ್ನು ಗಟ್ಟಿಯಾಗಿ ಓದುವುದು. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದ್ದಾರೆ. ಹೆಸರು ಬದಲಾಯಿತೆಂದು ಬಸ್ಸಿನ ಹಾದಿಯೇನೂ ಗಿಡ್ಡವಾಗಿಲ್ಲ. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲಾದರೂ ಇದೆ, ಕನಕಪುರ ಮಾಗಡಿಗೆ ಅದೂ ಇಲ್ಲ. ದಿನಕ್ಕೆ ಹೋಗಿಬರಲು ಮೂರು ಗಂಟೆ ಹಿಡಿದರೂ ತಿಂಗಳಿಗೆ 25 ದಿನದ ಲೆಕ್ಕದಲ್ಲಿ 75 ಗಂಟೆ ರಸ್ತೆಯ ಪಾಲು. ಗಣಿತದ ಒಂದಿಡೀ ಅಧ್ಯಾಯವನ್ನು ಕೂತು ಮುಗಿಸಿ, ಇನ್ನೊಂದಕ್ಕೆ ಕೈ ಹಾಕುವಷ್ಟು ಹೊತ್ತು ಅದು. ಇನ್ನು ಹೆದ್ದಾರಿಯುದ್ದಕ್ಕೂ ಕಾಣುವ ಕೋಚಿಂಗ್ ಫ್ಲೆಕ್ಸುಗಳು. ಹತ್ತು ಮಕ್ಕಳ ಫೋಟೊ, ಪಕ್ಕದಲ್ಲಿ ರ‍್ಯಾಂಕ್. ಆ ಹತ್ತು ಮಂದಿ ಎಷ್ಟು ಜನರೊಳಗೆ ಹತ್ತು ಎಂಬುದು ಮಾತ್ರ ಬರೆದಿರುವುದಿಲ್ಲ. ಗಣಿತದ ಭಾಷೆಯಲ್ಲೇ ಹೇಳುವುದಾದರೆ ಫ್ಲೆಕ್ಸಿನಲ್ಲಿ ಅಂಶ ಇದೆ, ಛೇದ ಇಲ್ಲ.

ಪಿಯುಸಿಗೆ ಅರ್ಧ ಪಾಲು ಕೊಟ್ಟದ್ದು ಸರಿಯೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಹಿಂದೆ ರಾಜ್ಯದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳೆಂದರೆ ಡೊನೇಷನ್ ಎಂಬ ಮಾತಿತ್ತು. ಅದನ್ನು ತಡೆಯಲು 1984ರಲ್ಲಿ ಕಾನೂನೇ ಬಂತು. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸೀಟು ಹಂಚಿಕೆ ಅರ್ಹತೆಯ ಮೇಲೆ ಆಗಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1994ರಲ್ಲಿ ಸಿಇಟಿ ಘಟಕ ಹುಟ್ಟಿತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಪಟ್ಟಿ ಎಂಬುದು ಅದರ ಬಲ. ಆದರೆ ಒಂದೆರಡು ದಿನದ ಪರೀಕ್ಷೆಯೇ ಎಲ್ಲವನ್ನೂ ತೀರ್ಮಾನಿಸಿದರೆ ವೇಗದ ತಾಲೀಮು ಕೊಳ್ಳಬಲ್ಲವರಿಗೆ ಅನುಕೂಲ ಹೆಚ್ಚು, ಎರಡು ವರ್ಷ ತರಗತಿಯಲ್ಲಿ ಕೂತು ಓದಿದವರ ಶ್ರಮಕ್ಕೆ ಬೆಲೆ ಕಡಿಮೆ. ಇದು ಬರಿ ಊಹೆಯ ಮಾತಲ್ಲ, ಪ್ರಯೋಗವೂ ಆಗಿಹೋಗಿದೆ. ಕೊರೊನಾದಿಂದ 2021ರಲ್ಲಿ ಪಿಯು ಪರೀಕ್ಷೆ ರದ್ದಾಗಿ ಆ ವರ್ಷ ಸಿಇಟಿ ಅಂಕವೊಂದರಿಂದಲೇ ರ‍್ಯಾಂಕ್ ಕೊಟ್ಟರು. ಮರುವರ್ಷ ಅದೇ ತಂಡದ ಮಕ್ಕಳು ಪುನಃ ಸಿಇಟಿ ಬರೆದಾಗ ಅವರ ಪಿಯುಸಿ ಅಂಕವನ್ನು ಹಿಡಿಯಬೇಕೋ ಬಿಡಬೇಕೋ ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿತು, ಸೀಟು ಹಂಚಿಕೆಯೂ ತಡವಾಯಿತು. ಆ ಅರ್ಧ ಪಾಲಿನ ತೂಕ ಎಷ್ಟೆಂದು ಕೋರ್ಟಿಗೆ ಹೋದ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು.

ಪಿಯುಸಿಯಲ್ಲಿ ಈಗ ಎಲ್ಲರೂ ತೊಂಬತ್ತರ ಮೇಲೆ ತೆಗೆಯುತ್ತಾರೆ, ಹಾಗಾಗಿ ವ್ಯತ್ಯಾಸ ಬೀಳುವುದೆಲ್ಲ ಸಿಇಟಿಯಲ್ಲೇ ಎಂಬ ವಾದವೂ ಉಂಟು. ಮೊದಲ ಕೆಲವು ಸಾವಿರ ರ‍್ಯಾಂಕಿನೊಳಗೆ ಈ ಮಾತು ನಿಜ. ಅಲ್ಲಿ ಬಹುತೇಕರದೂ ಎತ್ತರದ ಅಂಕವೇ. ಒಂದೊಂದು ಸಿಇಟಿ ಪ್ರಶ್ನೆಯೂ ಹತ್ತಾರು ಜನರನ್ನು ಹಿಂದಿಕ್ಕುತ್ತದೆ. ಆದರೆ ಎಪ್ಪತ್ತೈದು ಎಂಬತ್ತರ ಆಸುಪಾಸಿನಲ್ಲಿರುವ ವಿದ್ಯಾರ್ಥಿಯ ಲೆಕ್ಕ ಬೇರೆ. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಗೆ, ಗಣಿತದಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ. ಹೀಗೆ 300ರಲ್ಲಿ 80 ಅಂಕ ಕಾಲೇಜಿನೊಳಗೇ ಸಿಗುತ್ತದೆ, ಲ್ಯಾಬ್ ತಪ್ಪಿಸದಿದ್ದರೆ ಸಾಕು. ಉಳಿದ 220ಕ್ಕೆ ಮಾದರಿ ಪ್ರಶ್ನೆಪತ್ರಿಕೆಗಳಿವೆ, ಯಾವ ಅಧ್ಯಾಯದಿಂದ ಎಷ್ಟು ಅಂಕ ಎಂಬುದು ಮೊದಲೇ ಗೊತ್ತಿರುತ್ತದೆ. ಪಿಯುಸಿಯಲ್ಲಿ ಶೇ 75ರಿಂದ 90ಕ್ಕೆ ಏರಿದರೆ ಸಿಇಟಿಯಲ್ಲಿ 27 ಪ್ರಶ್ನೆ ಹೆಚ್ಚಿಗೆ ಮಾಡಿದಷ್ಟೇ ಫಲ. ಎರಡರಲ್ಲಿ ಯಾವುದು ಕೈಗೆಟುಕುವ ಕೆಲಸ ಎಂದು ಯಾವ ಉಪನ್ಯಾಸಕರನ್ನು ಕೇಳಿದರೂ ಹೇಳುತ್ತಾರೆ.

ಇನ್ನು ಸಿಇಟಿಯ ಒಳಹೊಕ್ಕು ನೋಡೋಣ. ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಅಂದರೆ ಒಂದಕ್ಕೆ 80 ಸೆಕೆಂಡು, ಒಎಂಆರ್ ಹಾಳೆಯಲ್ಲಿ ಪೆನ್ನಿನಿಂದ ವೃತ್ತ ತುಂಬುವ ಹೊತ್ತೂ ಸೇರಿ. ಚನ್ನಪಟ್ಟಣದ ಆಲೆಮರದ ಬುಗುರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ತಿರುಗುವ ಬುಗುರಿಯ ಕೋನೀಯ ವೇಗ ಇಮ್ಮಡಿಯಾದರೆ ಅದರ ಚಲನಶಕ್ತಿ ಎಷ್ಟು ಪಟ್ಟಾಗುತ್ತದೆ? ಕೆಳಗೆ ಎರಡು, ನಾಲ್ಕು, ಅರ್ಧ, ಎಂಟು ಎಂಬ ನಾಲ್ಕು ಆಯ್ಕೆ. ವೇಗ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟು ಎಂದು ಆತುರದಲ್ಲಿ ಗುರುತು ಹಾಕುವವರಿಗಾಗಿಯೇ ಮೊದಲ ಆಯ್ಕೆ ಕಾದು ಕೂತಿದೆ. ಸೂತ್ರ ಎಲ್ಲಿಂದ ಬಂತೆಂದು ಒಮ್ಮೆ ಕೈಯಾರೆ ಬರೆದು ನೋಡಿದವಳಿಗೆ ವೇಗ ಅಲ್ಲಿ ವರ್ಗವಾಗಿ ಕೂತಿರುವುದು ನೆನಪಿರುತ್ತದೆ. ನಾಲ್ಕು ಪಟ್ಟು ಎನ್ನಲು ಹತ್ತು ಸೆಕೆಂಡು ಸಾಕು, ಉಳಿದ ಎಪ್ಪತ್ತು ಬೇರೊಂದು ಉದ್ದನೆಯ ಲೆಕ್ಕಕ್ಕೆ ಜಮಾ. ಕೋಚಿಂಗಿನಲ್ಲಿ ಕಲಿಸುವ ಅಡ್ಡದಾರಿಗಳಲ್ಲಿ ಎಷ್ಟೋ ಇಂಥವೇ. ಬೋರ್ಡ್ ಪರೀಕ್ಷೆಗೆಂದು ನಿರೂಪಣೆಯನ್ನು ಹಂತಹಂತವಾಗಿ ಬರೆದು ಕಲಿತವರಿಗೆ ಅವು ತಾವಾಗಿ ಸಿಗುತ್ತವೆ, ಬರೆಯದವರು ಬಾಯಿಪಾಠ ಮಾಡಿ ಮರೆಯುತ್ತಾರೆ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡುವುದೂ ದಡ್ಡತನವೇ, ಏಕೆಂದರೆ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಟು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಎರಡು ಅಂಕ ಬರುತ್ತದೆ. ಪ್ರತಿಯೊಂದರಲ್ಲೂ ಎರಡು ಆಯ್ಕೆ ಖಂಡಿತ ತಪ್ಪೆಂದು ತಳ್ಳಿಹಾಕುವಷ್ಟು ತಿಳಿದಿದ್ದರೆ ನಾಲ್ಕು.

ಮೇಲಿನ ಬುಗುರಿ ಪ್ರಶ್ನೆಯಲ್ಲಿ ಇನ್ನೊಂದು ಸಂಗತಿ ಇದೆ. ಭ್ರಮಣ ಚಲನೆ ಬರುವುದು ಪ್ರಥಮ ಪಿಯುಸಿಯಲ್ಲಿ. ಪ್ರಥಮ ಪಿಯುಸಿ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಪಾಠ ಮಾತ್ರ ಸಿಇಟಿಗೆ ಸೇರುತ್ತದೆ. ಹತ್ತನೇ ತರಗತಿಯ ದಣಿವು ಆರಿಸಿಕೊಳ್ಳುವ ವರ್ಷವೆಂದು ಅದನ್ನು ಕಳೆದವರು ದ್ವಿತೀಯ ಪಿಯುಸಿ ಮುಗಿದ ಮೇಲೆ ಕ್ರ್ಯಾಶ್ ಕೋರ್ಸಿಗೆ ಓಡುತ್ತಾರೆ. 2025ರಲ್ಲಿ ಬೋರ್ಡ್ ಪರೀಕ್ಷೆ ಮುಗಿದದ್ದು ಮಾರ್ಚ್ 20ಕ್ಕೆ, ಸಿಇಟಿ ಏಪ್ರಿಲ್ 16ಕ್ಕೆ. ನಡುವೆ ನಾಲ್ಕು ವಾರವೂ ಇಲ್ಲ. ರೇಷ್ಮೆ ಸಾಕುವ ಮನೆಗಳವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲಿನ ಒಂದು ವಾರದಲ್ಲೇ ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ತಿಂದುಬಿಡುತ್ತದೆ, ನಿಜ. ಹಾಗೆಂದು ಚಾಕಿಯಲ್ಲಿ, ಅಂದರೆ ಎಳೆಯ ಹಂತದಲ್ಲಿ, ಸೊರಗಿದ ಹುಳುವಿಗೆ ಕೊನೆಯ ವಾರ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗುವುದಿಲ್ಲ. ಹೋಲಿಕೆ ಸಾಕು. ಏಪ್ರಿಲ್ ಇಲ್ಲಿ ಮಾವಿನ ಕೊಯ್ಲಿನ ಕಾಲವೂ ಹೌದು, ಆ ತಿಂಗಳಲ್ಲಿ ತೋಟದ ಮನೆಯ ಮಗುವಿಗೆ ಇಡೀ ದಿನ ಓದಲು ಸಿಗುತ್ತದೆಂದು ನಂಬಿ ಯೋಜನೆ ಹಾಕುವುದೇ ತಪ್ಪು. ಪ್ರಥಮ ಪಿಯುಸಿಯ ಪಾಠಗಳನ್ನು ದಸರಾ ರಜೆಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ತಿರುವಿ ಹಾಕಿದವರು ಆ ನಾಲ್ಕು ವಾರವನ್ನು ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಬಳಸಬಹುದು.

ಪಠ್ಯಪುಸ್ತಕ ಸಾಕೇ ಎಂಬ ಅನುಮಾನಕ್ಕೆ 2024ರ ಸಿಇಟಿ ವಿಚಿತ್ರ ರೀತಿಯಲ್ಲಿ ಉತ್ತರ ಕೊಟ್ಟಿತು. ರಾಜ್ಯದ ಪಿಯು ವಿಜ್ಞಾನದಲ್ಲಿ ಇರುವುದು ಎನ್‌ಸಿಇಆರ್‌ಟಿ ಪಠ್ಯ, ಅದರಿಂದ ಕೆಲವು ಭಾಗಗಳನ್ನು ಕೈಬಿಡಲಾಗಿತ್ತು. ಆ ಏಪ್ರಿಲ್ 18, 19ರ ಪರೀಕ್ಷೆಯಲ್ಲಿ ಕೈಬಿಟ್ಟ ಭಾಗಗಳಿಂದಲೇ ಪ್ರಶ್ನೆಗಳು ಬಂದವು. ಗಲಾಟೆಯಾಯಿತು, ತಜ್ಞರ ಸಮಿತಿ ಕೂತಿತು, ಕೊನೆಗೆ ನಾಲ್ಕು ವಿಷಯಗಳಿಂದ ಒಟ್ಟು 50 ಪ್ರಶ್ನೆಗಳನ್ನು ಬಿಟ್ಟು ಮೌಲ್ಯಮಾಪನ ಮಾಡಿದರು. ಅದು ಪ್ರಶ್ನೆಪತ್ರಿಕೆ ತಯಾರಿಸಿದವರ ದೊಡ್ಡ ಎಡವಟ್ಟು, ಸಂಶಯವಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಆ ಪ್ರಶ್ನೆಗಳ ಮೇಲೆ ನಿಮಿಷ ಕಳೆದ ಮಕ್ಕಳಿಗೆ ನಿಮಿಷ ವಾಪಸು ಬರಲಿಲ್ಲ. ಆದರೆ ಪಠ್ಯದಾಚೆಯ ಪ್ರಶ್ನೆ ನಿಲ್ಲುವುದಿಲ್ಲ ಎಂಬುದು ಅಂದು ಎಲ್ಲರೆದುರು ಖಚಿತವಾಯಿತು.

ಈ ವಾದಕ್ಕೆ ನಿಜವಾಗಿ ಪೆಟ್ಟು ಕೊಡಬಲ್ಲ ಆಕ್ಷೇಪ ಒಂದಿದೆ. ಊರ ಕಾಲೇಜಿನಲ್ಲಿ ಓದು ಎನ್ನುತ್ತೀರಿ, ಅಲ್ಲಿ ಪಾಠ ಮಾಡುವವರು ಇದ್ದಾರೆಯೇ? ಸರ್ಕಾರಿ ಪಿಯು ಕಾಲೇಜುಗಳಲ್ಲಿ ಹುದ್ದೆ ಖಾಲಿ ಇರುವುದು, ಅತಿಥಿ ಉಪನ್ಯಾಸಕರು ತಡವಾಗಿ ಬರುವುದು ರಾಜ್ಯಕ್ಕೆಲ್ಲ ಗೊತ್ತಿರುವ ಸಂಗತಿ. ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹುದ್ದೆ ತುಂಬುವುದು ಸರ್ಕಾರದ ಕೆಲಸ, ಪೋಷಕರ ಕೆಲಸವಲ್ಲ. ಆದರೂ ಜೂನ್ ತಿಂಗಳಲ್ಲಿ ಕಾಲೇಜಿಗೆ ಹೋಗಿ ಭೌತಶಾಸ್ತ್ರಕ್ಕೂ ಗಣಿತಕ್ಕೂ ಉಪನ್ಯಾಸಕರು ಇದ್ದಾರೆಯೇ, ಲ್ಯಾಬಿನ ಬೀಗ ತೆಗೆಯುತ್ತಾರೆಯೇ ಎಂದು ನೋಡಿಬರುವುದು ಯಾರಿಗೂ ಕಷ್ಟವಲ್ಲ. ಇಲ್ಲದಿದ್ದರೆ ಪಕ್ಕದ ಪಟ್ಟಣದ ಕಾಲೇಜು ನೋಡಬೇಕು, ಬೆಂಗಳೂರು ಆಮೇಲೆ. ಅಭ್ಯಾಸಕ್ಕೆ ಐಐಟಿ ಕಾನ್ಪುರದ ಸಾಥಿ ಜಾಲತಾಣದಂಥ ಉಚಿತ ಪಾಠಗಳಿವೆ. ಸ್ಥಳೀಯ ಕಾಲೇಜಿನ ಪರವಾಗಿ ಹೇಳಬೇಕಾದ್ದು ಇನ್ನೊಂದಿದೆ, ಅದು ಭಾಷೆ. ಹತ್ತನೇ ತರಗತಿವರೆಗೆ ವೇಗೋತ್ಕರ್ಷ, ಸಂವೇಗ, ಸಮಾಂತರ ಶ್ರೇಢಿ ಎಂದು ಕಲಿತ ಹುಡುಗ ಜೂನ್ ತಿಂಗಳ ಒಂದು ಬೆಳಗ್ಗೆ ಆಕ್ಸಿಲರೇಷನ್, ಮೊಮೆಂಟಮ್, ಅರಿಥ್ಮೆಟಿಕ್ ಪ್ರೊಗ್ರೆಷನ್ ನಡುವೆ ಬಂದು ಬೀಳುತ್ತಾನೆ. ಅವನಿಗೆ ವಿಷಯ ಗೊತ್ತು, ಅದರ ಹೊಸ ಹೆಸರು ಗೊತ್ತಿಲ್ಲ, ಅಷ್ಟೆ. ಊರ ಕಾಲೇಜಿನ ಉಪನ್ಯಾಸಕರು ಪಾಠ ಕನ್ನಡದಲ್ಲಿ ಹೇಳಿ ನೋಟ್ಸ್ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಹೊಳೆ ದಾಟಿಸುವ ಕೆಲಸ ಅಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಪಿಯುಸಿ, ಕೋಚಿಂಗ್ ಎರಡೂ ಸೇರಿದ ಮಹಾನಗರದ ಇಂಟಿಗ್ರೇಟೆಡ್ ತರಗತಿ ಮೊದಲ ವಾರವೇ ಓಟ ಶುರುಮಾಡಿದರೆ ಈ ಹುಡುಗ ಹಿಂದೆ ಬೀಳುವುದು ಬುದ್ಧಿ ಕಡಿಮೆಯಾಗಿ ಅಲ್ಲ.

ಜೆಇಇ ಗುರಿ ಇಟ್ಟುಕೊಂಡವರಿಗೆ ಈ ಲೆಕ್ಕವೆಲ್ಲ ಹೊಂದುವುದಿಲ್ಲ, ಅದನ್ನು ಒಪ್ಪಲೇಬೇಕು. ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ ಮೂರು ಗಂಟೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಒಂದು ಪ್ರಶ್ನೆಗೆ 144 ಸೆಕೆಂಡು ಸಿಗುತ್ತದೆ, ಪ್ರಶ್ನೆಯೂ ಅಷ್ಟೇ ಆಳಕ್ಕಿಳಿಯುತ್ತದೆ. 2021ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು, ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ರಾಜ್ಯದ ಮಕ್ಕಳಿಗೆ. ಗಣಿತದ ಹಸಿವಿರುವ ಮಗು ಆ ಕಡೆ ನೋಡಲಿ, ಅದಕ್ಕೆ ಬೇರೆಯೇ ತಾಲೀಮು ಬೇಕು. ಹಸಿವಿಲ್ಲದ ಮಗುವನ್ನು ಜೆಇಇ ಬ್ಯಾಚಿಗೆ ತಳ್ಳಿದರೆ ಪಿಯುಸಿಯ ಅರ್ಧ ಪಾಲೂ ಕೈತಪ್ಪುತ್ತದೆ.

ರ‍್ಯಾಂಕ್ ಬಂದ ಮೇಲಿನ ಕೆಲಸದಲ್ಲೂ ಮಕ್ಕಳು ಸೀಟು ಕಳೆದುಕೊಳ್ಳುತ್ತಾರೆ. ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ‘ನಮಗೆಲ್ಲಿ ಸಿಗುತ್ತೆ’ ಎಂದು ಬೆಂಗಳೂರಿನ ಯುವಿಸಿಇಯಂಥ ಕಾಲೇಜನ್ನು ಬಿಟ್ಟುಬಿಡುವವರಿದ್ದಾರೆ. ಗಣಕಯಂತ್ರ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ, ರ‍್ಯಾಂಕಿಗೆ ಸಿಗುವ ಮೊದಲ ಸೀಟು ಕೊಡುತ್ತದೆ. ಮೇಲೆ ದೊಡ್ಡ ಕಾಲೇಜು ಬರೆದರೆ ಕೆಳಗಿನದು ಕೈಬಿಡುವುದಿಲ್ಲ. ರಾಮನಗರದಲ್ಲೇ ಇರುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜನ್ನು ಪಟ್ಟಿಯ ಕೆಳಗಾದರೂ ಇಟ್ಟಿರಬೇಕು. ಅದಕ್ಕಿಂತ ಹೆಚ್ಚಿನ ನಷ್ಟ ಕಾಗದದ್ದು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಕೆಲವರಿಗೆ ಆದಾಯದ ಷರತ್ತೂ ಅನ್ವಯಿಸುತ್ತದೆ. ಹಳ್ಳಿಯ ಎಷ್ಟೋ ಮಕ್ಕಳಿಗೆ ಎರಡಕ್ಕೂ ಹಕ್ಕಿದೆ. ಬೇಕಾದ್ದು ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಮುಖ್ಯಶಿಕ್ಷಕರ ಸಹಿ, ಮೇಲೆ ಬಿಇಒ ಸಹಿ. ನಾಲ್ಕನೆಯವರೆಗೆ ಒಂದು ಊರು, ಏಳರವರೆಗೆ ಇನ್ನೊಂದು, ಹೈಸ್ಕೂಲಿಗೆ ಮತ್ತೊಂದು ಎಂದು ಓದಿದ ಮಗುವಿಗೆ ಮೂರೂ ಶಾಲೆಗಳ ಪತ್ರ ಬೇಕು. ಡಿಸೆಂಬರಿನಲ್ಲಿ ಹೋದರೆ ಮೂರು ದಿನದ ಕೆಲಸ. ಏಪ್ರಿಲ್, ಮೇನಲ್ಲಿ ಹೋದರೆ ಶಾಲೆಗೆ ಬೀಗ ಬಿದ್ದಿರುತ್ತದೆ.