ಸೋರಿಕೆಗೆ ನಾಚಿಕೆ ಮದ್ದಲ್ಲ

ಮುಂಬೈಯ ಸಾಯನ್ ಮತ್ತು ಮಾಹಿಮ್ ನಡುವೆ ಹರಡಿರುವ ಧಾರಾವಿಯಲ್ಲಿ ಹೆಚ್ಚಿನ ಮನೆಗಳಿಗೆ ಸ್ವಂತ ಶೌಚಾಲಯವಿಲ್ಲ. ಗಲ್ಲಿ ದಾಟಿ ಸಾರ್ವಜನಿಕ ಶೌಚಾಲಯಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗಂಡಸಿಗೆ ಆ ನಾಲ್ಕು ಹೆಜ್ಜೆಯೇ ದೂರ. ಕೆಮ್ಮಿದರೆ, ಎದ್ದು ನಿಂತರೆ, ಮೂಟೆ ಎತ್ತಿದರೆ ಮೂತ್ರ ಜಾರುತ್ತದೆ. ಯಾರಿಗೂ ಹೇಳಲಾಗದೆ ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಇನ್ನು ಕೆಲವರು ಕೆಲಸಕ್ಕೆ ಹೋಗುವುದನ್ನೇ ಬಿಡುತ್ತಾರೆ. ದಿನಗೂಲಿಯ ಮನೆಯಲ್ಲಿ ಇದು ಬರೀ ನಾಚಿಕೆಯ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುತ್ತದೆ. ಕ್ಯಾನ್ಸರ್ ಎಂದು ಅದನ್ನು ಪೂರ್ತಿ ತೆಗೆದಾಗ ಮೂತ್ರ ತಡೆಯುವ ಒಳಗಿನ ಬಿಗಿತ ಕಡಿಮೆಯಾಗುತ್ತದೆ. ಆಮೇಲೆ ಹೊರಗಿನ ಸ್ನಾಯುವೇ ಆ ಹೊಣೆ ಹೊರಬೇಕು. ಅದನ್ನು ಪಳಗಿಸುವುದೇ ಫಿಸಿಯೋಥೆರಪಿಯ ಕೆಲಸ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಹೇಳಿದ ವ್ಯಾಯಾಮವೇ ಇಂದು ಗಂಡಸರಿಗೂ ಬಳಕೆಯಲ್ಲಿದೆ.

ಆಪರೇಷನ್‌ಗೆ ಮೊದಲೇ ಕಲಿತರೆ ಒಳ್ಳೆಯದು. ಮೂತ್ರದ ಪೈಪು ಇರುವಾಗ ಮಾಡಬಾರದು. ಅದನ್ನು ತೆಗೆದ ಮೇಲೆ ವೈದ್ಯರನ್ನು ಕೇಳಿ ಶುರು ಮಾಡಬೇಕು. ಗುದದ್ವಾರದಿಂದ ಗಾಳಿ ಹೋಗದಂತೆ, ಮೂತ್ರ ನಿಲ್ಲಿಸುವಂತೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬೇಡಿ. ಹೊಟ್ಟೆ, ತೊಡೆ, ಕುಂಡೆ ಬಿಗಿ ಮಾಡಬೇಡಿ. ಮೊದಲು ಎರಡು ಮೂರು ಸೆಕೆಂಡು ಹಿಡಿದು ಪೂರ್ತಿ ಸಡಿಲ ಬಿಡಿ. ಮೆಲ್ಲಗೆ 10 ಸೆಕೆಂಡಿಗೆ ಏರಿಸಿ. ಒಂದು ಸಲಕ್ಕೆ 10 ಬಾರಿ, ದಿನಕ್ಕೆ ಮೂರು ಸಲ. ಕೆಮ್ಮುವ ಮುನ್ನ, ಏಳುವ ಮುನ್ನ, ಭಾರ ಎತ್ತುವ ಮುನ್ನ ಒಮ್ಮೆ ಬಿಗಿ ಹಿಡಿಯಿರಿ. ಇದಕ್ಕೆ ಯಂತ್ರ ಬೇಡ, ಪ್ರತ್ಯೇಕ ಕೋಣೆಯೂ ಬೇಡ. ಹೊಲಿಗೆ ಯಂತ್ರದ ಮುಂದೆ ಕುಳಿತೇ ಮಾಡಬಹುದು.

ಹಾಗೆಂದು ಇದು ಮಂತ್ರದಂಡವಲ್ಲ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಚಿಕಿತ್ಸಕರು ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದವರಿಗೂ ಸಾಮಾನ್ಯ ಆರೈಕೆ ಪಡೆದವರಿಗೂ ವರ್ಷದ ಕೊನೆಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಸಾಮಾನ್ಯ ಆರೈಕೆಯವರಿಗೂ ಮಾಹಿತಿ ಸಿಕ್ಕಿತ್ತು. ನಮ್ಮಲ್ಲಿ ಎಷ್ಟೋ ಜನರಿಗೆ ಹೇಳುವವರೇ ಇರುವುದಿಲ್ಲ. ಹಿಂದಿ, ಮರಾಠಿ ಸರಿಯಾಗಿ ಬಾರದ ನಮ್ಮ ಕಡೆಯವರಿಗಂತೂ ಈ ವಿಷಯದಲ್ಲಿ ಬಾಯಿ ಬಿಡುವುದೇ ಕಷ್ಟ.

ಸೋರಿಕೆ ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ಇಳಿಯುತ್ತದೆ; ಒಂದು ವರ್ಷದವರೆಗೂ ಸುಧಾರಿಸಬಹುದು. ಆಮೇಲೂ ತೀರಾ ತೊಂದರೆಯಿದ್ದರೆ ಸ್ಲಿಂಗ್, ಕೃತಕ ಕವಾಟದಂಥ ಶಸ್ತ್ರಚಿಕಿತ್ಸೆಗಳಿವೆ. ನೀರು ಬಿಟ್ಟರೆ ಮೂತ್ರ ಗಾಢವಾಗಿ ಉರಿ, ಅವಸರ ಹೆಚ್ಚಬಹುದು. ಚಹಾ ಕಡಿಮೆ ಮಾಡಿ. ಜ್ವರ ಬಂದರೆ, ಮೂತ್ರ ಕಟ್ಟಿದರೆ, ರಕ್ತದ ಗಡ್ಡೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಧಾರಾವಿಯ ಮಗ್ಗುಲಲ್ಲೇ ಪಾಲಿಕೆಯ ಸಾಯನ್ ಆಸ್ಪತ್ರೆಯಿದೆ, ಅಲ್ಲಿ ಫಿಸಿಯೋಥೆರಪಿ ವಿಭಾಗವೂ ಇದೆ. ಅಪ್ಪನದೋ ಅಣ್ಣನದೋ ಆಪರೇಷನ್ ಆಗಿದ್ದರೆ, ಮುಂದಿನ ಸಲ ಡಾಕ್ಟರ ಬಳಿ ಹೋದಾಗ ನೀವೇ ಕೇಳಿ: 'ಮೂತ್ರ ಹಿಡಿತಕ್ಕೆ ವ್ಯಾಯಾಮ ಯಾರು ಕಲಿಸುತ್ತಾರೆ?'